216 ಅಂಕಿಗಳ ಮುಂದೆ ಎರಡಾದ ಸಭೆ: ‘ಪೈ’ ಚಿತ್ರ ವಿಮರ್ಶೆ

‘ಪೈ’ ಚಿತ್ರವನ್ನು ಮೆಚ್ಚಿದವರೂ ಮೆಚ್ಚದವರೂ ಅದರ ಬಗ್ಗೆ ಮೊದಲು ಹೇಳುವ ಮಾತು ಒಂದೇ: ಅರ್ಥವಾಗಲಿಲ್ಲ. ಮೆಚ್ಚಿದವರು ಅದನ್ನು ಹೊಗಳಿಕೆಯಾಗಿ ಹೇಳುತ್ತಾರೆ, ಮೆಚ್ಚದವರು ದೂರಾಗಿ ಹೇಳುತ್ತಾರೆ. ಡ್ಯಾರನ್ ಅರೊನೊಫ್‌ಸ್ಕಿ ನಿರ್ದೇಶಿಸಿದ, 1998ರಲ್ಲಿ ತೆರೆಕಂಡ, 84 ನಿಮಿಷಗಳ ಈ ಅಮೆರಿಕನ್ ಕಪ್ಪು ಬಿಳುಪು ಚಿತ್ರವನ್ನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ವಾಚನಾಲಯವೊಂದರ ಮಹಡಿಯಲ್ಲಿ ಊರವರ ಜೊತೆ ಕುಳಿತು ನೋಡಿ, ಅನಂತರ ಚಿತ್ರಕ್ಕಿಂತಲೂ ಉದ್ದವಾಗಿ ನಡೆದ ಚರ್ಚೆಯನ್ನು ಕೇಳಿದ ಮೇಲೆ, ಆ ಮಾತನ್ನು ನಾನು ನಂಬುವುದಿಲ್ಲ. ಕಥೆ ಎಲ್ಲರಿಗೂ ಅರ್ಥವಾಗಿತ್ತು. ನೋಯುತ್ತಿರುವ ಒಬ್ಬ ಮನುಷ್ಯನ ತಲೆಯೊಳಗೆ, ಹೊರಗೆ ಇಣುಕಲು ಒಂದು ಕಿಟಕಿಯೂ ಇಲ್ಲದೆ, ಸುಮಾರು ಒಂದೂವರೆ ಗಂಟೆ ಕುಳಿತಿರಲು ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬಲ್ಲಿಯೇ ಸಭೆ ಎರಡಾದದ್ದು.

ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಮ್ಯಾಕ್ಸ್ ಕೋಹೆನ್ ನ್ಯೂಯಾರ್ಕಿನ ಚೈನಾಟೌನಿನ ಇಕ್ಕಟ್ಟಾದ ಮನೆಯೊಂದರಲ್ಲಿ ಒಬ್ಬನೇ ಇರುವ ಗಣಿತಜ್ಞ. ಬಾಗಿಲಿಗೆ ಒಂದರ ಕೆಳಗೊಂದು ಬೀಗ. ಒಳಗೆ ಕೋಣೆ ತುಂಬಾ ತಂತಿಗಳ ನಡುವೆ ಅವನೇ ಜೋಡಿಸಿದ, ಯೂಕ್ಲಿಡ್ ಎಂಬ ಹೆಸರಿನ ಕಂಪ್ಯೂಟರ್. ಪ್ರಕೃತಿಯ ಭಾಷೆ ಗಣಿತ, ಯಾವುದನ್ನೇ ಆದರೂ ಸಂಖ್ಯೆಯಾಗಿ ಬರೆಯಬಹುದು, ಬರೆದರೆ ಅದರಲ್ಲಿ ಒಂದು ವಿನ್ಯಾಸ ಕಾಣಲೇಬೇಕು ಎಂಬುದು ಅವನ ನಂಬಿಕೆ. ಹಾಗಿದ್ದ ಮೇಲೆ ಷೇರುಪೇಟೆಯಲ್ಲಿಯೂ ವಿನ್ಯಾಸ ಇರಲೇಬೇಕು ಎಂಬುದು ಅವನ ಹಟ. ಒಂದು ದಿನ ಯೂಕ್ಲಿಡ್ ನಂಬಲಾಗದ ಕೆಲವು ಷೇರು ಬೆಲೆಗಳನ್ನೂ 216 ಅಂಕಿಗಳ ಒಂದು ಸಂಖ್ಯೆಯನ್ನೂ ಹೊರಗೆಡವಿ ಕೆಟ್ಟುಹೋಗುತ್ತದೆ. ಕಸವೆಂದು ಆ ಕಾಗದವನ್ನು ಅವನು ಎಸೆದ ಮೇಲೆ ಬೆಲೆಗಳು ನಿಜವಾಗುತ್ತವೆ. ಅಲ್ಲಿಂದ ಮುಂದೆ ಆ ಸಂಖ್ಯೆಯ ಬೆನ್ನಿಗೆ ಅವನು, ಅವನ ಬೆನ್ನಿಗೆ ಉಳಿದವರು: ಷೇರುಪೇಟೆಯ ಕಂಪನಿಯೊಂದರ ಪರವಾಗಿ ನಯವಾಗಿ ಫೋನ್ ಮಾಡುವ ಮಾರ್ಸಿ ಡಾಸನ್, ಮತ್ತು ಆ ಸಂಖ್ಯೆಯಲ್ಲಿ ದೇವರ ಮರೆತ ಹೆಸರು ಅಡಗಿದೆ ಎಂದು ನಂಬಿರುವ ಹಸೀದಿ ಎಂಬ ಸಂಪ್ರದಾಯನಿಷ್ಠ ಪಂಥದ ಯಹೂದಿಗಳ ಗುಂಪಿನ ಲೆನ್ನಿ ಮೇಯರ್. ನಡುವೆ ಸೋಲ್ ಎಂಬ ಮುದಿ ಗುರು. ಪೈ ಸಂಖ್ಯೆಯ ಬೆನ್ನುಹತ್ತಿ, ಪಾರ್ಶ್ವವಾಯು ಬಡಿದ ಮೇಲೆ ಅದನ್ನು ಕೈಬಿಟ್ಟು, ಈಗ ಶಿಷ್ಯನೊಡನೆ ಗೋ ಆಟದ ಮಣೆಯ ಮುಂದೆ ಕುಳಿತು ಸ್ವಲ್ಪ ವಿಶ್ರಾಂತಿ ತೆಗೆದುಕೋ ಎಂದು ಹೇಳುತ್ತಲೇ ಇರುವವನು.

ಹಣದ ಪೆಟ್ಟಿಗೆಯ ಹಿಂದೆ ಓಡುವ ಅಪರಾಧ ಚಿತ್ರದಲ್ಲಿ ಪೆಟ್ಟಿಗೆಯನ್ನು ತೆಗೆದು ಅದರ ಜಾಗದಲ್ಲಿ ಒಂದು ಸಂಖ್ಯೆಯನ್ನು ಇಟ್ಟರೆ ಏನಾಗುತ್ತದೋ ಅದು ಈ ಚಿತ್ರ. 1940ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ, ನ್ವಾರ್ ಎಂದು ಹೆಸರಾದ ಕಪ್ಪು ಛಾಯೆಯ ಚಿತ್ರಗಳ ಸಾಮಗ್ರಿಯೆಲ್ಲ ಇಲ್ಲಿದೆ: ನಾಯಕನದೇ ಹಿನ್ನೆಲೆ ದನಿ, ಬೆಳಕು ಕಡಿಮೆಯಾದ ನಗರ, ಹಿಂಬಾಲಿಸುವ ಅಪರಿಚಿತರು, ನಂಬಲಾಗದ ಹೆಂಗಸು, ತಿಳಿಯಬಾರದ್ದನ್ನು ತಿಳಿದು ಕೆಡುವ ನಾಯಕ. ಅದನ್ನು ಹೊಸ ಕಾಲಕ್ಕೆ ಎಳೆದು ತಂದ ನಿಯೋ ನ್ವಾರ್ ಚಿತ್ರಗಳಲ್ಲಿ ಬಹಳಷ್ಟು ಇಲ್ಲಿಗೇ ನಿಲ್ಲುತ್ತವೆ. ‘ಪೈ’ ನಿಲ್ಲುವುದಿಲ್ಲ. ನೆಲದಡಿಯ ರೈಲು ನಿಲ್ದಾಣದಲ್ಲಿ ಹಸಿ ಮಿದುಳೊಂದು ಬಿದ್ದಿರುತ್ತದೆ, ನಾಯಕ ಅದನ್ನು ಪೆನ್ನಿನಿಂದ ಚುಚ್ಚುತ್ತಾನೆ, ಚುಚ್ಚಿದ ಕ್ಷಣದಲ್ಲಿ ರೈಲು ಕಿರುಚಿಕೊಂಡು ಮೈಮೇಲೆ ಬರುತ್ತದೆ. ಯಂತ್ರದೊಳಗೆ ಇರುವೆಗಳು ಹರಿದಾಡುತ್ತವೆ. ಇದು ನಡೆಯಿತೇ, ಅವನಿಗೆ ಹಾಗೆ ಕಂಡಿತೇ ಎಂದು ಹೇಳುವ ಗೋಜಿಗೆ ನಿರ್ದೇಶಕರು ಹೋಗುವುದಿಲ್ಲ. ಸಭೆಯಲ್ಲಿ ಕುರ್ಚಿಗಳು ಮೊದಲು ಕಿರುಗುಟ್ಟಿದ್ದು ಆ ಮಿದುಳಿನ ದೃಶ್ಯದಲ್ಲಿ.

ಸುಮಾರು 60,000 ಡಾಲರಿನಲ್ಲಿ ತಯಾರಾದ ಚಿತ್ರ ಇದು. ಗೆಳೆಯರು, ನೆಂಟರು, ಪರಿಚಿತರಿಂದ ತಲಾ 100 ಡಾಲರ್ ಕೇಳಿ, ಚಿತ್ರ ಮಾರಾಟವಾದರೆ 150 ಹಿಂದಿರುಗಿಸುವುದಾಗಿ ಮಾತು ಕೊಟ್ಟು ಹಣ ಕೂಡಿಸಿದರು. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅರೊನೊಫ್‌ಸ್ಕಿಯವರಿಗೆ ನಿರ್ದೇಶನದ ಪ್ರಶಸ್ತಿ ಬಂತು; ಮುಂದೆ ಅಮೆರಿಕದ ಚಿತ್ರಮಂದಿರಗಳಲ್ಲಿ ಅದು 30 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಈ ವಿವರವನ್ನು ಚಿತ್ರದ ಮೊದಲು ಪರಿಚಯ ಭಾಷಣದಲ್ಲಿ ಹೇಳಿದಾಗ ಹಿಂದಿನ ಸಾಲಿನ ಹಿರಿಯರೊಬ್ಬರು, ಜನರಿಂದ ಹಣ ಎತ್ತಿ ಸಿನಿಮಾ ಮಾಡುವುದನ್ನು ಕೇರಳದವರಿಗೆ ಅಮೆರಿಕದವರು ಕಲಿಸಬೇಕಾಗಿಲ್ಲ, ಮಲಯಾಳದ ನಿರ್ದೇಶಕ ಜಾನ್ ಅಬ್ರಹಾಂ ಅವರ ‘ಅಮ್ಮ ಅರಿಯಾನ್’ 1986ರಲ್ಲಿಯೇ ಊರೂರಿನ ಜನರ ದುಡ್ಡಿನಲ್ಲಿ ತಯಾರಾಗಿತ್ತು ಎಂದು ನೆನಪಿಸಿದರು. ಮಾತು ಸರಿ. ಒಂದು ವ್ಯತ್ಯಾಸವಿದೆ: ಅಲ್ಲಿ ಜನರ ಹಣ ಜನರ ಕಥೆಗೆ ಹೋಯಿತು, ಇಲ್ಲಿ ಜನರ ಹಣ ಜನರನ್ನು ಕಂಡರಾಗದ ಒಬ್ಬನ ಕಥೆಗೆ ಹೋಗಿದೆ.

ಕಡಿಮೆ ಹಣ ಈ ಚಿತ್ರದಲ್ಲಿ ಕೊರತೆಯಾಗಿ ಉಳಿದಿಲ್ಲ, ಅದರ ರೂಪವೇ ಆಗಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲದೆ ನಾಲ್ಕು ಜನ ಕುಳಿತು ಕುರುಕ್ಷೇತ್ರವನ್ನು ಎದುರಿಗೆ ತರುವುದನ್ನು ಕಂಡಿರುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಛಾಯಾಗ್ರಾಹಕ ಮ್ಯಾಥ್ಯೂ ಲಿಬಟೀಕ್ 16 ಮಿಲಿಮೀಟರಿನ ಕಪ್ಪು ಬಿಳುಪು ರಿವರ್ಸಲ್ ಫಿಲ್ಮಿನಲ್ಲಿ ಚಿತ್ರೀಕರಿಸಿದ್ದಾರೆ. ಸಾಮಾನ್ಯ ಫಿಲ್ಮಿನಲ್ಲಿ ಮೊದಲು ನೆಗೆಟಿವ್ ಮೂಡಿ, ಅದರಿಂದ ಪ್ರತಿ ತೆಗೆಯುವಾಗ ಬೆಳಕಿನ ಹೆಚ್ಚುಕಡಿಮೆಯನ್ನು ತಕ್ಕಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ರಿವರ್ಸಲ್ ಫಿಲ್ಮಿನಲ್ಲಿ ನೇರವಾಗಿ ಚಿತ್ರವೇ ಮೂಡುತ್ತದೆ. ಬೆಳಕಿನ ಅಳತೆ ಸ್ವಲ್ಪ ತಪ್ಪಿದರೂ ಬಿಳಿ ಸುಟ್ಟುಹೋಗುತ್ತದೆ, ಕಪ್ಪು ಕುಳಿಯಾಗುತ್ತದೆ, ನಡುವಿನ ಬೂದು ಬಣ್ಣಕ್ಕೆ ಬಹುಮಟ್ಟಿಗೆ ಜಾಗವೇ ಇರುವುದಿಲ್ಲ. ವಿನ್ಯಾಸ ಇದೆ ಅಥವಾ ಇಲ್ಲ, ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳಲ್ಲಿ ಬದುಕುವ ಮ್ಯಾಕ್ಸನ ಕಣ್ಣಿಗೆ ಲೋಕ ಹೀಗೆಯೇ ಕಾಣಬೇಕು. ಅವನು ಬೀದಿಯಲ್ಲಿ ಗಾಬರಿಯಿಂದ ನಡೆಯುವಾಗ ಕ್ಯಾಮೆರಾವನ್ನು ನಟ ಷಾನ್ ಗಲೆಟ್ ಅವರ ಮೈಗೇ ಕಟ್ಟಿದ್ದಾರೆ. ಸ್ನೋರಿಕ್ಯಾಮ್ ಎಂದು ಕರೆಯುವ ಈ ಏರ್ಪಾಡಿನಲ್ಲಿ ಮುಖ ಪರದೆಯ ನಡುವೆ ಅಲುಗಾಡದೆ ನಿಲ್ಲುತ್ತದೆ, ಊರು ಮಾತ್ರ ಅವನ ಹಿಂದೆ ಓಲಾಡುತ್ತದೆ. ನೋಡುವವನಿಗೆ ಆ ಮುಖದಿಂದ ದೂರ ಸರಿಯುವ ಅವಕಾಶವೇ ಇಲ್ಲ.

ಇನ್ನು ಸದ್ದು. ಕ್ಲಿಂಟ್ ಮ್ಯಾನ್ಸೆಲ್ ಅವರ ಮೊದಲ ಚಿತ್ರಸಂಗೀತ ಇದು. ಬಡಿತವೇ ಮುಖ್ಯವಾದ ಇಲೆಕ್ಟ್ರಾನಿಕ್ ಸಂಗೀತಕ್ಕೆ ಯಂತ್ರದ ಗುಂಯ್‌ಗುಡುವಿಕೆ, ಫೋನಿನ ಗಂಟೆ, ಬಾಗಿಲ ಬೀಗ ಬೀಳುವ ಸದ್ದು ಸೇರಿಕೊಂಡು, ಎಲ್ಲಿ ಸಂಗೀತ ಮುಗಿಯಿತು, ಎಲ್ಲಿ ತಲೆನೋವು ಶುರುವಾಯಿತು ಎಂದು ತಿಳಿಯದಂತೆ ಮಾಡುತ್ತವೆ. ನಮ್ಮ ಸಭಾಂಗಣಕ್ಕೆ ಶೀಟಿನ ಮಾಡು, ಮಳೆಯೂ ಸೇರಿಕೊಂಡಿತು.

ಚರ್ಚೆಯ ಮಾತಿಗೆ ಬರುತ್ತೇನೆ. 1960ರ ದಶಕದಿಂದ ಕೇರಳದಲ್ಲಿ ಬೆಳೆದ ಫಿಲ್ಮ್ ಸೊಸೈಟಿಗಳ ಚಟುವಟಿಕೆ ಮತ್ತು ಹಳ್ಳಿಹಳ್ಳಿಯ ವಾಚನಾಲಯಗಳ ದೆಸೆಯಿಂದ, ಗಡಿಯ ಈ ಬದಿಯಲ್ಲಿರುವ ಕನ್ನಡಿಗರಿಗೆ ಒಂದು ಲಾಭವಾಗಿದೆ: ಪರದೇಶದ ಚಿತ್ರವನ್ನು ಅಡಿಬರಹದೊಂದಿಗೆ ನೋಡುವುದು, ನೋಡಿದ ಮೇಲೆ ಏಳದೆ ಕುಳಿತು ಜಗಳ ಮಾಡುವುದು ಇಲ್ಲಿ ಹೊಸತಲ್ಲ. ಅಂದಿನ ಜಗಳ ಕನ್ನಡದಲ್ಲಿ ಆರಂಭವಾಗಿ, ಬಿಸಿಯೇರಿದಾಗ ತುಳುವಿಗೆ ತಿರುಗಿ, ಸಿದ್ಧಾಂತದ ಮಾತು ಬಂದಾಗಲೆಲ್ಲ ಮಲಯಾಳಕ್ಕೆ ಹೋಗಿ ಬರುತ್ತಿತ್ತು.

ಚಿತ್ರವನ್ನು ಅತ್ಯಂತ ಕಟುವಾಗಿ ತಳ್ಳಿಹಾಕಿದವರು ನಿವೃತ್ತ ಗಣಿತ ಮಾಷ್ಟ್ರು. ಅವರ ಆಕ್ಷೇಪ ‘ಅರ್ಥವಾಗಲಿಲ್ಲ’ ಎಂಬ ವರ್ಗದ್ದಾಗಿರಲಿಲ್ಲ. ಅರ್ಥವಾದದ್ದೇ ಅವರ ತೊಂದರೆಯಾಗಿತ್ತು. ಶೀರ್ಷಿಕೆಯ ಹಿಂದೆ ಹರಿಯುವ ಪೈ ಸಂಖ್ಯೆಯ ಅಂಕಿಗಳು ಮೊದಲ ಕೆಲವು ಸ್ಥಾನಗಳ ನಂತರ ತಪ್ಪಾಗಿವೆ. ಪೈ ಎಂದು ಹೆಸರಿಟ್ಟುಕೊಂಡವರು ಪೈಯನ್ನು ಸರಿಯಾಗಿ ಬರೆಯಬೇಡವೇ ಎಂಬುದು ಅವರ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಗಟ್ಟಿಯಾದದ್ದು. ಕಥೆಯ ಕೊನೆಯ ಭಾಗದಲ್ಲಿ ಮ್ಯಾಕ್ಸ್ ಯಹೂದಿಗಳ ಗುಂಪಿಗೆ, 216 ಅಂಕಿಗಳ ಎಲ್ಲ ಸಂಖ್ಯೆಗಳನ್ನೂ ನೀವು ಆಗಲೇ ಬರೆದು ಉಚ್ಚರಿಸಿ ನೋಡಿರುತ್ತೀರಿ, ಅದರಿಂದ ಏನು ಸಿಕ್ಕಿತು ಎಂದು ಕೇಳುತ್ತಾನೆ. ಮಾಷ್ಟ್ರು ಎದ್ದು ನಿಂತರು. ಅಷ್ಟು ಅಂಕಿಗಳ ಸಂಖ್ಯೆಗಳು ಎಷ್ಟಿವೆ ಎಂದು ಹೇಳಲು ಒಂಬತ್ತು ಬರೆದು ಅದರ ಮುಂದೆ 215 ಸೊನ್ನೆ ಹಾಕಬೇಕು. ನಮಗೆ ಕಾಣುವ ವಿಶ್ವದ ಎಲ್ಲ ಪರಮಾಣುಗಳನ್ನು ಲೆಕ್ಕ ಹಾಕಿದರೂ ಒಂದರ ಮುಂದೆ ಸುಮಾರು 80 ಸೊನ್ನೆಗೆ ಮುಗಿಯುತ್ತದೆ. ಎಲ್ಲವನ್ನೂ ಬರೆದು ನೋಡಿದ್ದೀರಿ ಎಂಬ ಮಾತು ಒಬ್ಬ ಗಣಿತಜ್ಞನ ಬಾಯಿಂದ ಬರಬಹುದೇ? ಯಾರೂ ಉತ್ತರಿಸಲಿಲ್ಲ, ಉತ್ತರವಿಲ್ಲ. ಹಾಗೆಂದು ಮಾಷ್ಟ್ರು ಏನನ್ನೂ ಮೆಚ್ಚಲಿಲ್ಲವೆಂದಲ್ಲ. ಮಹಡಿಯ ಮೆಟ್ಟಿಲ ಬಳಿ ಕ್ಯಾಲ್ಕುಲೇಟರ್ ಹಿಡಿದ ಪುಟ್ಟ ಹುಡುಗಿ 322ನ್ನು 491ರಿಂದ ಗುಣಿಸಿದರೆ ಎಷ್ಟು ಎಂದು ಕೇಳುವ ದೃಶ್ಯದಲ್ಲಿ, ಮ್ಯಾಕ್ಸ್ 158102 ಎಂದು ಹೇಳುವ ಹೊತ್ತಿಗೆ ಮಾಷ್ಟ್ರ ಬಾಯಿಂದಲೂ ಅದೇ ಉತ್ತರ ಬಂದದ್ದನ್ನು ಪಕ್ಕದವರು ಕೇಳಿಸಿಕೊಂಡಿದ್ದಾರೆ.

ಅಡಿಕೆ ಕೃಷಿಕರೊಬ್ಬರ ಪ್ರಶ್ನೆಗೆ ಎಲ್ಲರೂ ನಕ್ಕರು. ನಗುವ ಪ್ರಶ್ನೆ ಅದಾಗಿರಲಿಲ್ಲ. ಹೊಸ ಅಡಿಕೆಗೆ ಎಷ್ಟು, ಹಳೆಯದಕ್ಕೆ ಎಷ್ಟು, ಇನ್ನೂ ಹಳತಾದ ಡಬಲ್ ಚೋಲಿಗೆ ಇನ್ನೆರಡು ತಿಂಗಳು ಕಾದರೆ ಎಷ್ಟಾಗಬಹುದು ಎಂದು ವರ್ಷವಿಡೀ ಧಾರಣೆಯ ಮೇಲೆ ಕಣ್ಣಿಟ್ಟು ಬದುಕುವ ಅವರಿಗೆ ಒಂದು ಸಂಗತಿ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ: ನಾಳೆಯ ಬೆಲೆ ಗೊತ್ತಾದವನು ಒಂದು ಷೇರನ್ನಾದರೂ ಏಕೆ ಕೊಳ್ಳುವುದಿಲ್ಲ? ಹಣ ಬೇಡವೆಂದಾದರೆ ಷೇರುಪೇಟೆಯನ್ನೇ ಏಕೆ ಹಿಡಿಯಬೇಕಿತ್ತು? ಮಳೆ ಲೆಕ್ಕ ಹಾಕಬಹುದಿತ್ತಲ್ಲ. ಚಿತ್ರ ಈ ಪ್ರಶ್ನೆಯನ್ನು ಎದುರಿಸದೆ ದಾಟಿಹೋಗುತ್ತದೆ. ಮ್ಯಾಕ್ಸ್‌ಗೆ ಲಾಭ ಮುಖ್ಯವಲ್ಲ, ವಿನ್ಯಾಸ ಮುಖ್ಯ ಎಂದು ವಿದ್ಯಾರ್ಥಿಯೊಬ್ಬ ಸಮರ್ಥಿಸಿಕೊಂಡನು. ಅದು ನಾಯಕನ ಬಗ್ಗೆ ಉತ್ತರವಾದೀತು, ಕಥೆಯ ಹೆಣಿಗೆಯ ಬಗ್ಗೆ ಉತ್ತರವಾಗುವುದಿಲ್ಲ. ಬೆನ್ನಟ್ಟುವವರು ಬೇಕು, ಬೆನ್ನಟ್ಟಲು ಹಣದ ಆಸೆ ಬೇಕು, ಅದಕ್ಕಾಗಿ ಷೇರುಪೇಟೆ ಬಂದಿದೆ, ಅಷ್ಟೇ.

ಇದಕ್ಕೆ ತೀರಾ ವಿರುದ್ಧವಾದ ದಿಕ್ಕಿನಿಂದ ಮಾತನಾಡಿದವರು ತಾಳಮದ್ದಳೆಯಲ್ಲಿ ಮಾತುಗಾರಿಕೆ ನಡೆಸುವ ಒಬ್ಬ ಅರ್ಥಧಾರಿ. ಕಾಫಿ ಅಂಗಡಿಯಲ್ಲಿ ಲೆನ್ನಿ ಹೀಬ್ರೂ ಅಕ್ಷರಗಳಿಗೆ ಸಂಖ್ಯೆಗಳಿವೆ ಎಂದು ವಿವರಿಸುವ ದೃಶ್ಯ ನಗರದ ಪ್ರೇಕ್ಷಕರಿಗೆ ವಿಚಿತ್ರವಾಗಿ ಕಾಣಬಹುದು. ತಂದೆ ಎಂಬ ಪದದ ಬೆಲೆ 3, ತಾಯಿ 41, ಎರಡನ್ನೂ ಕೂಡಿಸಿದರೆ 44, ಅದು ಮಗು ಎಂಬ ಪದದ ಬೆಲೆ. ಅಕ್ಷರಗಳಿಗೆ ಅಂಕಿ ಕೊಟ್ಟು ಪದದಲ್ಲಿ ಸಂಖ್ಯೆ ಅಡಗಿಸುವ ಕಟಪಯಾದಿಯ ನಾಡಿನಲ್ಲಿ ಇದನ್ನು ಕೇಳಿ ಯಾರಿಗೂ ಬೆರಗಾಗಲಿಲ್ಲ. ಜಯ ಎಂದರೆ ಹದಿನೆಂಟು, ಅದಕ್ಕೇ ಜಯವೆಂಬ ಹೆಸರೂ ಇರುವ ಮಹಾಭಾರತದ ಪರ್ವಗಳು ಹದಿನೆಂಟು ಎನ್ನುವವರು ನಮ್ಮಲ್ಲಿ ಇದ್ದಾರೆ. ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳು ನಾರಾಯಣೀಯವೆಂಬ ಸಂಸ್ಕೃತ ಸ್ತೋತ್ರಕಾವ್ಯವನ್ನು ಮುಗಿಸಿದ ದಿನದ ಕಲಿಸಂಖ್ಯೆಯನ್ನು, ಅಂದರೆ ಕಲಿಯುಗದ ಆರಂಭದಿಂದ ಎಣಿಸಿದ ದಿನಗಳ ಸಂಖ್ಯೆಯನ್ನು, ‘ಆಯುರಾರೋಗ್ಯಸೌಖ್ಯಂ’ ಎಂಬ ಕೊನೆಯ ಪದದಲ್ಲಿಯೇ ಇಟ್ಟಿದ್ದಾರೆ, ಅಕ್ಷರಗಳನ್ನು ಹಿಂದಿನಿಂದ ಓದಿದರೆ 1712210 ಬರುತ್ತದೆ. ಅರ್ಥಧಾರಿಗಳು ಇಷ್ಟಕ್ಕೆ ಬಿಡಲಿಲ್ಲ. ಲೆನ್ನಿ ಹೇಳುವ 144 ಮತ್ತು 233, ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ ಫಿಬೊನಾಚ್ಚಿ ಸರಣಿಯ ನೆರೆಹೊರೆಯ ಸಂಖ್ಯೆಗಳು ಎಂದು ಮ್ಯಾಕ್ಸ್ ಗುರುತಿಸುವಾಗ ಚಿತ್ರ ಅದನ್ನು ದೊಡ್ಡ ತಿರುವಾಗಿ ತೋರಿಸುತ್ತದೆ. ಆದರೆ ಲಘು ಗುರುಗಳಿಂದ ಇಷ್ಟು ಮಾತ್ರೆಯ ಗಣಗಳನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂದು ಲೆಕ್ಕ ಹಾಕುತ್ತಾ ಹೋದರೆ ಬರುವುದು ಅದೇ ಸರಣಿ: ಮೂರು ಮಾತ್ರೆಗೆ ಮೂರು ಬಗೆ, ನಾಲ್ಕಕ್ಕೆ ಐದು, ಐದಕ್ಕೆ ಎಂಟು, ಆರಕ್ಕೆ ಹದಿಮೂರು. ಛಂದಸ್ಸಿನವರಾದ ವಿರಹಾಂಕನೂ ಹೇಮಚಂದ್ರನೂ ಇಟಲಿಯ ಫಿಬೊನಾಚ್ಚಿಗಿಂತ ಮೊದಲೇ, ಅಂದರೆ ಅವನ ಗ್ರಂಥ ಬಂದ 1202ಕ್ಕಿಂತ ಮೊದಲೇ ಇದನ್ನು ಹೇಳಿದ್ದಾರೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ನಾಡಿನಲ್ಲಿ ಕುಳಿತು ವಾರ್ಧಕ ಷಟ್ಪದಿಯ ಐದು ಮಾತ್ರೆಯ ಗಣಗಳನ್ನು ದಿನವೂ ಹಾಡುವವರು ಈ ಸಂಖ್ಯೆಗಳಿಗೆ ಹೆದರಿ ತಲೆ ಕೆಡಿಸಿಕೊಂಡದ್ದಿಲ್ಲ ಎಂದು ಅವರು ಹೇಳಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. ಆದರೂ ಅವರು ಚಿತ್ರವನ್ನು ಮೆಚ್ಚಿದರು. ಕಾರಣ ಕೇಳಿದ್ದಕ್ಕೆ, ಪದದಿಂದ ಸಂಖ್ಯೆ ತೆಗೆಯುವುದು ಯಾರಿಗೂ ಆಗುತ್ತದೆ, ಸಂಖ್ಯೆಯಿಂದ ಪದ ತೆಗೆಯಲು ಹೊರಟವನ ಪಾಡು ಹೀಗೇ ಆಗುವುದು, ಅದನ್ನು ನಟ ಚೆನ್ನಾಗಿ ತೋರಿಸಿದ್ದಾನೆ ಎಂದರು.

ಅಲ್ಲಿ ಹೇಳದೆ ಉಳಿದ ಒಂದು ವಿವರವನ್ನು ಇಲ್ಲಿ ಸೇರಿಸುತ್ತೇನೆ. 216 ಎಂಬುದನ್ನು ಚಿತ್ರಕಥೆಯವರು ಮನಸ್ಸಿಗೆ ಬಂದಂತೆ ಆರಿಸಿಕೊಂಡಿಲ್ಲ. ಯಹೂದಿ ಪರಂಪರೆಯಲ್ಲಿ, ಬೈಬಲಿನ ಎರಡನೆಯ ಪುಸ್ತಕವಾದ ವಿಮೋಚನಕಾಂಡದ 14ನೆಯ ಅಧ್ಯಾಯದ 19, 20, 21ನೆಯ ವಚನಗಳಿಗೆ, ಮೂಲ ಹೀಬ್ರೂವಿನಲ್ಲಿ, ಒಂದೊಂದಕ್ಕೆ 72 ಅಕ್ಷರಗಳಿವೆ. ಮೂರೂ ಸೇರಿದರೆ 216. ಅವುಗಳಿಂದ ಮೂರು ಮೂರು ಅಕ್ಷರಗಳ, ದೇವರ 72 ಹೆಸರುಗಳನ್ನು ಕಟ್ಟುವ ಪದ್ಧತಿ ಹಳೆಯದು. ಸಂಶೋಧನೆ ನಡೆದಿದೆ, ಎಲ್ಲಿ ಬೇಕಿತ್ತೋ ಅಲ್ಲಿಯವರೆಗೆ ಮಾತ್ರ ನಡೆದಿದೆ.

ಪದವಿ ವಿದ್ಯಾರ್ಥಿಗಳ ಗುಂಪು ಚಿತ್ರವನ್ನು ಒಕ್ಕೊರಲಿನಿಂದ ಮೆಚ್ಚಿತು. ಅವರ ಮೆಚ್ಚುಗೆ ನನಗೆ ಮಾಷ್ಟ್ರ ಕೋಪಕ್ಕಿಂತ ಕಡಿಮೆ ಉಪಯೋಗಕ್ಕೆ ಬಂತು. ಆಳವಾದ ಚಿತ್ರ, ದೇವರು ಮತ್ತು ವಿಜ್ಞಾನದ ನಡುವಿನ ಸಂಘರ್ಷ, ಸತ್ಯಾನ್ವೇಷಣೆಯ ರೂಪಕ ಎಂಬಂಥ ಮಾತುಗಳು ಬಂದವು. ಯಾವ ದೃಶ್ಯದಲ್ಲಿ, ಹೇಗೆ ಎಂದು ಕೇಳಿದರೆ ಮಾತು ಮುಂದುವರಿಯಲಿಲ್ಲ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಈ ಚಿತ್ರದ ವಿಚಾರ ತೆಳ್ಳಗಿದೆ. ಸುರುಳಿಯಾಕಾರದ ಚಿಪ್ಪು, ಕಾಫಿಯಲ್ಲಿ ಸುತ್ತುವ ಹಾಲು, ಸಿಗರೇಟಿನ ಹೊಗೆ ಇವನ್ನೆಲ್ಲ ಸಾಲಾಗಿ ತೋರಿಸಿ ವಿಶ್ವದಲ್ಲಿ ಒಂದು ವಿನ್ಯಾಸವಿದೆ ಎಂದು ಹೇಳುವುದು ತತ್ತ್ವಚಿಂತನೆಯಾಗುವುದಿಲ್ಲ. ಚಿತ್ರದ ಗಟ್ಟಿ ಭಾಗ ವಿಚಾರದಲ್ಲಿಲ್ಲ, ಮೈಯಲ್ಲಿದೆ. ತಲೆನೋವನ್ನು ಇಷ್ಟು ನಿಖರವಾಗಿ ಪರದೆಗೆ ತಂದ ಚಿತ್ರಗಳು ವಿರಳ, ಮತ್ತು ಅದನ್ನು ಸಭೆಯಲ್ಲಿ ಗುರುತಿಸಿದವರು ಒಬ್ಬರೇ.

ಅವರು ಬಹುಕಾಲದಿಂದ ಅರೆತಲೆನೋವಿನಿಂದ ಬಳಲುವ ಒಬ್ಬ ಗೃಹಿಣಿ. ಮ್ಯಾಕ್ಸನ ಎರಡನೆಯ ನೋವಿನ ದೃಶ್ಯ ಆರಂಭವಾಗುವಾಗ ಎದ್ದು ಹೊರಗೆ ಹೋದರು, ಅನೇಕರು ಅದನ್ನು ಬೇಸರವೆಂದೇ ಭಾವಿಸಿದರು. ಸ್ವಲ್ಪ ಹೊತ್ತಿನಲ್ಲಿ ಒಳಗೆ ಬಂದು ಕೊನೆಯವರೆಗೂ ಕುಳಿತರು. ಅವನ ಹೆಬ್ಬೆರಳು ಅದುರಲು ಶುರುವಾದ ಕೂಡಲೇ ಮುಂದೇನು ಬರುತ್ತದೆ ಎಂದು ನನಗೆ ತಿಳಿಯಿತು, ಅದಕ್ಕೆ ಹೋದೆ ಎಂದು ಚರ್ಚೆಯಲ್ಲಿ ಹೇಳಿದರು. ನೋವಿಗಿಂತ ಮೊದಲು ಬರುವ ಆ ಸೂಚನೆ, ಮಾತ್ರೆಯನ್ನು ಹುಡುಕುವ ಕೈಯ ಆತುರ, ನೋವು ಇಳಿದ ಮೇಲೆ ಲೋಕವೇ ದೂರವಾದಂತಿರುವ ಬಿಳಿ ನಿಶ್ಶಬ್ದ, ಇದೆಲ್ಲ ಹೀಗೆಯೇ ಇರುತ್ತದೆ, ನಮ್ಮ ಮನೆಯವರು ಒಮ್ಮೆ ಇದನ್ನು ನೋಡಲಿ ಎಂಬುದು ಅವರ ಮಾತು. ಚಿತ್ರದಲ್ಲಿರುವುದು ಅರೆತಲೆನೋವಿಗಿಂತ ಭಿನ್ನವಾದ ಕ್ಲಸ್ಟರ್ ತಲೆನೋವು. ಕಣ್ಣಿನ ಸುತ್ತ ಒಂದೇ ಬದಿಗೆ ಹದಿನೈದು ನಿಮಿಷದಿಂದ ಮೂರು ಗಂಟೆಯವರೆಗೆ ಇರಿಯುವ, ಮನುಷ್ಯನಿಗೆ ಬರಬಹುದಾದ ಅತಿ ತೀವ್ರ ನೋವುಗಳಲ್ಲಿ ಒಂದೆಂದು ವೈದ್ಯರು ಹೇಳುವ ನೋವು ಅದು. ಇದನ್ನು ತಿಳಿದು ನೋಡಿದರೆ ಚಿತ್ರದ ವಿಚಿತ್ರಗಳಲ್ಲಿ ಅರ್ಧದಷ್ಟು ವಿಚಿತ್ರವಾಗಿ ಉಳಿಯುವುದಿಲ್ಲ. ಅವರ ಮಾತನ್ನು ಕೇಳಿದ ಮೇಲೆ ವಿದ್ಯಾರ್ಥಿಗಳ ರೂಪಕಗಳು ಇನ್ನಷ್ಟು ದೂರದವಾಗಿ ಕಂಡವು.

ಶಾಲೆಯ ಅಧ್ಯಾಪಿಕೆಯೊಬ್ಬರ ಆಕ್ಷೇಪವನ್ನೂ ದಾಖಲಿಸಬೇಕು. ಮಾರ್ಸಿ ಡಾಸನ್ ಬರೀ ಬಲೆ, ಪಕ್ಕದ ಮನೆಯ ದೇವಿ ಎಂಬ ಭಾರತೀಯ ಹೆಣ್ಣು ಬರೀ ಸಮೋಸ ಮತ್ತು ಸಾಂತ್ವನ. ಸಮೋಸ ಬಂದಾಗ ಸಭೆ ನಕ್ಕಿತ್ತು, ಅವರು ನಕ್ಕಿರಲಿಲ್ಲವಂತೆ. ಯಹೂದಿಗಳ ಗುಂಪೂ ಕೊನೆಗೆ ಕಾರಿನಲ್ಲಿ ಎಳೆದೊಯ್ಯುವ ಖಳರಂತೆ ಆಗಿಬಿಡುತ್ತದೆ. ಎಲ್ಲವನ್ನೂ ನಾಯಕನ ಸಂಶಯದ ಕಣ್ಣಿನಿಂದಲೇ ನೋಡುತ್ತಿದ್ದೇವಲ್ಲ, ಆದ್ದರಿಂದ ಹಾಗೆ ಎಂದು ಸಮರ್ಥನೆ ಬಂತು. ಆ ಸಮರ್ಥನೆಯನ್ನು ಒಪ್ಪಿದರೆ ಯಾವ ಚಿತ್ರದ ಯಾವ ದೋಷವನ್ನೂ ಹೇಳುವಂತಿಲ್ಲ. ಅಧ್ಯಾಪಿಕೆಯ ಪಕ್ಷಕ್ಕೆ ನನ್ನ ಮತ. ಸೋಲ್ ಪಾತ್ರದ ಮಾರ್ಕ್ ಮಾರ್ಗೋಲಿಸ್ ಒಬ್ಬರಿಗೆ ಮಾತ್ರ ಬರವಣಿಗೆ ನ್ಯಾಯ ಮಾಡಿದೆ, ಅವರು ಅದನ್ನು ಹೆಚ್ಚಿಸಿದ್ದಾರೆ. ಆರ್ಕಿಮಿಡೀಸನ ಕಥೆಯನ್ನು ಹೇಳಿ, ಅದರ ನೀತಿ ನೀರಿನ ತೊಟ್ಟಿಯಲ್ಲಿಲ್ಲ, ಸ್ನಾನ ಮಾಡು ಎಂದ ಹೆಂಡತಿಯಲ್ಲಿದೆ ಎಂದು ಅವರು ವಿವರಿಸುವ ಪರಿಯನ್ನು ಮಾಷ್ಟ್ರೂ ಒಪ್ಪಿದರು.

ಕೊನೆ ಹೇಗಾಗುತ್ತದೆ ಎಂದು ತಿಳಿಯಲು ಬಯಸದವರು ಮುಂದಿನ ಪ್ಯಾರಾವನ್ನು ಬಿಟ್ಟುಬಿಡಬಹುದು.

ಸಂಖ್ಯೆ ತಲೆಯೊಳಗೇ ಇದೆ ಎಂದು ಖಚಿತವಾದ ಮೇಲೆ ಮ್ಯಾಕ್ಸ್ ಅದನ್ನು ಬರೆದ ಕಾಗದವನ್ನು ಸುಟ್ಟು, ಕನ್ನಡಿಯ ಮುಂದೆ ನಿಂತು ಡ್ರಿಲ್ಲಿಂಗ್ ಮೆಷಿನನ್ನು ತಲೆಗೆ ಇಟ್ಟುಕೊಳ್ಳುತ್ತಾನೆ. ಅದಾದ ಮೇಲೆ ಉದ್ಯಾನದ ಬೆಂಚಿನ ಮೇಲೆ ಕುಳಿತವನನ್ನು ಆ ಪುಟ್ಟ ಹುಡುಗಿ ಇನ್ನೊಂದು ಲೆಕ್ಕ ಕೇಳುತ್ತಾಳೆ, ಅವನಿಗೆ ಉತ್ತರ ಗೊತ್ತಿಲ್ಲ, ಅವನು ನಗುತ್ತಾನೆ. ಇಲ್ಲಿ ಪಕ್ಷಗಳು ಅದಲುಬದಲಾದವು. ಇಡೀ ಚಿತ್ರವನ್ನು ಮೆಚ್ಚಿದ್ದ ವಿದ್ಯಾರ್ಥಿಗಳಿಗೆ ಇದು ಸೋಲಿನಂತೆ ಕಂಡಿತು. ಅಷ್ಟು ಹುಡುಕಿದವನು ದಡ್ಡನಾಗಿ ಕುಳಿತದ್ದು ಅವರಿಗೆ ಮೋಸವೆನಿಸಿತು. ಚಿತ್ರವನ್ನು ಸಹಿಸಲಾಗದೆ ಕುಳಿತಿದ್ದ ಅಡಿಕೆಯ ಕೃಷಿಕರಿಗೆ ಅದೊಂದೇ ದೃಶ್ಯ ಹಿಡಿಸಿತು, ಹುಡುಗ ಬದುಕಿಕೊಂಡನಲ್ಲ ಎಂದರು. ಮಾಷ್ಟ್ರಿಗೆ ಎರಡೂ ಒಪ್ಪಿಗೆಯಿಲ್ಲ. ಲೆಕ್ಕ ಬಾರದಿರುವುದನ್ನು ಸುಖವೆಂದು ತೋರಿಸುವ ಚಿತ್ರವನ್ನು ಜೀವಮಾನವೆಲ್ಲ ಲೆಕ್ಕ ಕಲಿಸಿದ ನಾನು ಹೇಗೆ ಒಪ್ಪಲಿ ಎಂದು ಅವರು ಕೇಳಿದ ಪ್ರಶ್ನೆಯಲ್ಲಿ ಹಾಸ್ಯ ಸ್ವಲ್ಪವೇ ಇತ್ತು. ನನಗಂತೂ ಆ ಬೆಂಚಿನ ದೃಶ್ಯ ತೀರಾ ಸುಲಭವಾಗಿ ಬಂದಂತೆ ಕಾಣುತ್ತದೆ. ಡ್ರಿಲ್ಲಿನ ಸದ್ದು ನಿಂತ ನಂತರ ಪರದೆ ಬೆಳ್ಳಗಾದಾಗಲೇ ಚಿತ್ರ ಮುಗಿದಿದ್ದರೆ ಅದು ತನ್ನ ನಾಯಕನಷ್ಟೇ ಹಟಮಾರಿಯಾಗಿರುತ್ತಿತ್ತು. ಕೊನೆಯಲ್ಲಿ ಇಷ್ಟು ಬೇಗ ಮರದ ಎಲೆಗಳನ್ನು ತೋರಿಸಿ ಸಮಾಧಾನ ಹೇಳಬೇಕಾದ ಅಗತ್ಯ ಈ ನಿರ್ದೇಶಕರಿಗೆ ಏಕೆ ಬಂತು?

ಅರೊನೊಫ್‌ಸ್ಕಿಯವರು ಮುಂದೆ ಇದೇ ಗೀಳನ್ನು ದೊಡ್ಡ ಬಂಡವಾಳದಲ್ಲಿ, ಬಣ್ಣದಲ್ಲಿ, ಹೆಸರಾಂತ ನಟರೊಂದಿಗೆ ಮತ್ತೆ ಮತ್ತೆ ತೆಗೆದಿದ್ದಾರೆ. 2010ರ ‘ಬ್ಲ್ಯಾಕ್ ಸ್ವಾನ್’ ಅದರಲ್ಲಿ ಹೆಚ್ಚು ಜನ ಕಂಡದ್ದು. ಹಣ ಬಂದ ಮೇಲೆ ಕೆಲಸ ಅಚ್ಚುಕಟ್ಟಾಯಿತು. ‘ಪೈ’ಯ ಒರಟುತನ ಮರಳಲಿಲ್ಲ.

ನೋಡುವವರಿಗೆ ಕೆಲವು ಮಾತುಗಳು. ನಮ್ಮ ಪ್ರದರ್ಶನದ ದೂರುಗಳಲ್ಲಿ ಒಂದು ಪಾಲು ಚಿತ್ರಕ್ಕಲ್ಲ, ಪ್ರೊಜೆಕ್ಟರಿಗೆ ಸಲ್ಲಬೇಕು. ತರಗತಿಯಲ್ಲಿ ಪಾಠ ತೋರಿಸುವ ಯಂತ್ರದಲ್ಲಿ ಕಪ್ಪು ಬೂದು ಬಣ್ಣವಾಗುತ್ತದೆ, ಕಿಟಕಿಯ ಪರದೆಯ ಸಂದಿನಿಂದ ಬೆಳಕು ಬಂದರೆ ಅದೂ ಇಲ್ಲ. ಗಡುಸಾದ ಕಪ್ಪು ಬಿಳುಪನ್ನೇ ನಂಬಿ ನಿಂತ ಚಿತ್ರಕ್ಕೆ ಇದು ಅನ್ಯಾಯ. ಫೋನಿನಲ್ಲಿ ನೋಡುವುದಾದರೆ ನೋಡದಿರುವುದೇ ಲೇಸು. ರಾತ್ರಿ, ದೀಪ ಆರಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಟಿವಿಯಲ್ಲಿ ನೋಡಿದರೆ ಚಿತ್ರ ತನ್ನ ಪೂರ್ಣ ಬಲದಲ್ಲಿ ಸಿಗುತ್ತದೆ. 2023ರ ಮಾರ್ಚ್ 14ರಂದು ಇದನ್ನು ಹೊಸದಾಗಿ ಶುದ್ಧಗೊಳಿಸಿ ಐಮ್ಯಾಕ್ಸ್ ಪರದೆಗಳಲ್ಲಿ ಮರುಬಿಡುಗಡೆ ಮಾಡಿದ್ದರು. ಆ ಶುದ್ಧ ಪ್ರತಿ ಸಿಗುವುದಾದರೆ ಹಳೆಯ ಡಿವಿಡಿಯ ಸಹವಾಸ ಬೇಡ. ಮಾತು ವೇಗವಾಗಿದೆ, ಆದ್ದರಿಂದ ಇಂಗ್ಲಿಷ್ ಅಡಿಬರಹವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮಿಣುಕುವ ಬೆಳಕಿನಿಂದ ತೊಂದರೆಯಾಗುವವರು, ಅಪಸ್ಮಾರ ಇರುವವರು ದೂರವಿರಬೇಕು. ತಲೆನೋವು ಇರುವವರು ಬಾಗಿಲ ಬಳಿಯ ಕುರ್ಚಿಯನ್ನು ಹಿಡಿಯಬೇಕು. ಗಣಿತದ ಚಿತ್ರವೆಂಬ ಹೆಸರಿನಲ್ಲಿ ಇದನ್ನು ಹೈಸ್ಕೂಲಿನ ಮಕ್ಕಳಿಗೆ ತೋರಿಸುವ ಯೋಚನೆಯನ್ನು ಸಂಘಟಕರೊಬ್ಬರು ಮುಂದಿಟ್ಟಿದ್ದರು. ಡ್ರಿಲ್ಲಿನ ದೃಶ್ಯವೊಂದೇ ಅದಕ್ಕೆ ಸಾಕಷ್ಟು ಅಡ್ಡಿ. ಮಾಷ್ಟ್ರು ಬೇರೆ ಕಾರಣಕ್ಕಾಗಿ ಬೇಡವೆಂದರು: ತಪ್ಪು ಅಂಕಿಗಳನ್ನು ಮಕ್ಕಳು ಬಾಯಿಪಾಠ ಮಾಡಿಬಿಟ್ಟಾರು.